ಬೆಳೆಯ ಕಾವಲಿಗೆ ಮಿತ್ರಜೀವಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ರಾಸಾಯನಿಕ ಕೀಟನಾಶಕಗಳನ್ನು ಬಿಟ್ಟು ಜೀವಿಗಳಿಂದಲೇ ಪೀಡೆಗಳನ್ನು ಹತೋಟಿಯಲ್ಲಿಡುವ ವಿಧಾನದ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಸಣ್ಣ ಉತ್ತರ ಪ್ರಕಟವಾಗಿತ್ತು. ಅದನ್ನು ಓದಿ ಬಂದ ಪತ್ರಗಳಿಗೇ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಮೀಸಲಿಟ್ಟಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಎರಡು ವರ್ಷಗಳಿಂದ ತರಕಾರಿ ಬೆಳೆಗೆ ತಪ್ಪದೆ ಔಷಧಿ ಹೊಡೆಯುತ್ತಿದ್ದೇನೆ. ಹೊಡೆದ ನಾಲ್ಕು ದಿನ ಹೇನು ಕಾಣುವುದಿಲ್ಲ, ಎರಡು ಮೂರು ವಾರ ಕಳೆಯುವಷ್ಟರಲ್ಲಿ ಮೊದಲಿಗಿಂತ ಹೆಚ್ಚಾಗಿರುತ್ತದೆ. ಔಷಧಿಯಲ್ಲಿ ಕಲಬೆರಕೆ ಇರಬಹುದೇ?

ಉತ್ತರ: ಕಲಬೆರಕೆಯ ಸಾಧ್ಯತೆಯನ್ನು ತಳ್ಳಿಹಾಕಲಾರೆ. ಆದರೆ ನೀವು ವಿವರಿಸಿರುವ ಏರಿಳಿತ ಅಪ್ಪಟ ಔಷಧಿಯನ್ನೇ ಹೊಡೆದವರ ಹೊಲದಲ್ಲೂ ಕಾಣುವಂಥದ್ದು, ಮತ್ತು ಅದರ ಕಾರಣ ಬಾಟಲಿಯೊಳಗಿಲ್ಲ, ಬೆಳೆಯ ಮೇಲೆಯೇ ಇದೆ. ಬೆಳೆಯನ್ನು ತಿನ್ನುವ ಹುಳುವಿನ ಜೊತೆಗೆ ಆ ಹುಳುವನ್ನು ತಿನ್ನುವ ಜೇಡ, ಗುಲಗಂಜಿ ಹುಳು, ನೆಲದ ಮೇಲೆ ಓಡಾಡುವ ಜೀರುಂಡೆ, ಹುಳುವಿನ ಮೈಯೊಳಗೆ ತನ್ನ ಮೊಟ್ಟೆಯಿಡುವ ಪುಟ್ಟ ಕಣಜ ಇವೆಲ್ಲವೂ ಅದೇ ಗಿಡದ ಮೇಲೆ ವಾಸವಾಗಿರುತ್ತವೆ. ಔಷಧಿ ಇವೆಲ್ಲವನ್ನೂ ಒಟ್ಟಿಗೆ ಕೊಲ್ಲುತ್ತದೆ, ಆದರೆ ಚೇತರಿಸಿಕೊಳ್ಳುವಾಗ ಇವು ಒಟ್ಟಿಗೆ ಚೇತರಿಸಿಕೊಳ್ಳುವುದಿಲ್ಲ. ಹೆಣ್ಣು ಸಸ್ಯಹೇನು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತದೆ, ಬೆಚ್ಚನೆಯ ದಿನಗಳಲ್ಲಿ ಆ ಮರಿಯೇ ಒಂದು ವಾರ ಹತ್ತು ದಿನಗಳಲ್ಲಿ ತಾಯಿಯಾಗುತ್ತದೆ. ಗುಲಗಂಜಿ ಹುಳುವಿಗಾದರೋ ಮೊಟ್ಟೆಯಿಂದ ರೆಕ್ಕೆ ಬಲಿತ ಹುಳುವಾಗಲು ಮೂರು ನಾಲ್ಕು ವಾರ ಬೇಕು. ಜೊತೆಗೆ ತಿನ್ನಲು ಏನೂ ಉಳಿದಿಲ್ಲದ ಹೊಲಕ್ಕೆ ಅದು ಮರಳಿ ಬರುವುದೂ ಇಲ್ಲ. ಹೀಗಾಗಿ ಪ್ರತಿ ಸಲ ಔಷಧಿ ಹೊಡೆದಾಗಲೂ ಬದುಕುಳಿದ ನಾಲ್ಕಾರು ಹೇನುಗಳಿಗೆ ಕಾವಲೇ ಇಲ್ಲದ ಹೊಲವೊಂದನ್ನು ನಾವಾಗಿ ಬಿಟ್ಟುಕೊಟ್ಟಂತಾಗುತ್ತದೆ.

ಭತ್ತದ ಕಂದು ಜಿಗಿಹುಳುವಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅದು ತನ್ನ ಮೊಟ್ಟೆಗಳನ್ನು ಎಲೆಯ ಬುಡದ ಕವಚವನ್ನು ಸೀಳಿ ಒಳಗೆ ಸೇರಿಸಿಡುತ್ತದೆ, ಸಿಂಪಡಿಸಿದ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಹೊರಗೆ ಓಡಾಡುವ ಜೇಡಗಳು ಸಾಯುತ್ತವೆ, ಒಳಗಿನ ಮೊಟ್ಟೆಗಳು ಕೆಲವೇ ದಿನಗಳಲ್ಲಿ ಒಡೆದು ಶತ್ರುವಿಲ್ಲದ ಗದ್ದೆಗೆ ಮರಿಗಳು ಇಳಿಯುತ್ತವೆ. ಇಂಡೊನೇಷ್ಯಾದಲ್ಲಿ ಸರ್ಕಾರವೇ ಸಹಾಯಧನ ಕೊಟ್ಟು ಔಷಧಿ ಹೊಡೆಸುತ್ತಿದ್ದ ಕಾಲದಲ್ಲಿ ಈ ಹುಳುವಿನ ಹಾವಳಿ ಮಿತಿಮೀರಿತು. ಕೊನೆಗೆ 1986ರಲ್ಲಿ ಅಲ್ಲಿನ ಅಧ್ಯಕ್ಷರ ಆದೇಶದ ಮೂಲಕ 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಲಾಯಿತು, ಸಹಾಯಧನವನ್ನೂ ಹಂತಹಂತವಾಗಿ ನಿಲ್ಲಿಸಲಾಯಿತು. ಅದರಿಂದ ಭತ್ತದ ಇಳುವರಿ ಕುಸಿಯಲಿಲ್ಲ.

ಈ ಪಾಠವನ್ನು ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಎರಡು ಸಲ ಕಲಿತವು. ಆಸ್ಟ್ರೇಲಿಯಾದಿಂದ ಗಿಡಗಳ ಜೊತೆ 1868ರ ಸುಮಾರಿಗೆ ಅಲ್ಲಿಗೆ ಬಂದಿದ್ದ, ಹತ್ತಿಯಂತಹ ಬಿಳಿ ಮೊಟ್ಟೆಚೀಲ ಹೊತ್ತ ಒಂದು ಶಲ್ಕ ಕೀಟ, ಇಪ್ಪತ್ತು ವರ್ಷಗಳಲ್ಲಿ ತೋಟಗಳನ್ನು ನಾಶದ ಅಂಚಿಗೆ ತಂದಿತ್ತು. ಅಮೆರಿಕದ ಕೃಷಿ ಇಲಾಖೆಯ ಆಲ್ಬರ್ಟ್ ಕೋಬೆಲೆ 1888ರಲ್ಲಿ ಆ ಕೀಟದ ತವರಿಗೇ ಹೋಗಿ, ಅಲ್ಲಿ ಅದನ್ನು ತಿನ್ನುತ್ತಿದ್ದ ಕೆಂಪು ಕಪ್ಪು ಬಣ್ಣದ ವೆಡಾಲಿಯಾ ಎಂಬ ಗುಲಗಂಜಿ ಹುಳುವನ್ನು ಹಡಗಿನಲ್ಲಿ ಕಳುಹಿಸಿದರು. ಮೊದಲ ಕಂತುಗಳಲ್ಲಿ ಬದುಕಿ ಬಂದದ್ದು 129 ಹುಳುಗಳು. ಅವನ್ನು ಬಟ್ಟೆಯ ಗುಡಾರ ಹೊದಿಸಿದ ಒಂದು ಕಿತ್ತಳೆ ಮರದ ಮೇಲೆ ಬಿಟ್ಟರು. 1889 ಮುಗಿಯುವುದರೊಳಗೆ ಆ ಹುಳುವಿನ ಸಂತತಿ ಹಬ್ಬಿದ ತೋಟಗಳಲ್ಲೆಲ್ಲ ಶಲ್ಕ ಕೀಟ ಹತೋಟಿಗೆ ಬಂದಿತ್ತು. ಸುಮಾರು ಐವತ್ತೈದು ವರ್ಷ ಆ ಕೀಟವನ್ನು ಯಾರೂ ದೊಡ್ಡ ಪೀಡೆಯೆಂದು ಎಣಿಸಲಿಲ್ಲ. 1940ರ ದಶಕದ ಕೊನೆಯಲ್ಲಿ ಬೇರೆ ಹುಳುಗಳಿಗೆಂದು ತೋಟಗಳಿಗೆ ಡಿ.ಡಿ.ಟಿ. ಹೊಡೆದಾಗ ವೆಡಾಲಿಯಾ ಸತ್ತಿತು, ಮರೆತೇಹೋಗಿದ್ದ ಶಲ್ಕ ಕೀಟ ಮತ್ತೆ ಕೊಂಬೆಗಳನ್ನು ಬಿಳಿಯಾಗಿಸಿತು. ಬೆಳೆಗಾರರು ಗುಲಗಂಜಿ ಹುಳುವನ್ನು ಮತ್ತೊಮ್ಮೆ ತಂದು ಬಿಡಬೇಕಾಯಿತು.

ನಿಮ್ಮ ಹೊಲದಲ್ಲೂ ನಡೆಯುತ್ತಿರುವುದು ಇದೇ ಎಂಬುದು ನನ್ನ ಅನಿಸಿಕೆ. ಒಂದು ಮಡಿಯಲ್ಲಿ ಮಾತ್ರ ಸಿಂಪಡಣೆಯನ್ನು ನಾಲ್ಕೈದು ವಾರ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ಹತ್ತು ಗಿಡಗಳ ಎಲೆ ಮಗುಚಿ ನೋಡಿ. ಮೊದಲ ಎರಡು ವಾರ ಹೇನು ಹೆಚ್ಚುತ್ತದೆ. ಆ ಎರಡು ವಾರ ಕೈ ಕಟ್ಟಿಕೊಂಡು ಕಾಯುವುದೇ ಎಲ್ಲಕ್ಕಿಂತ ಕಷ್ಟ, ಬಹಳ ಜನ ಅಲ್ಲಿಯೇ ಸೋಲುತ್ತಾರೆ.

ಪ್ರಶ್ನೆ: ನಮ್ಮ ಗುಲಾಬಿ ಗಿಡದ ಚಿಗುರಿನ ತುಂಬ ಹಸಿರು ಹೇನು ಮುತ್ತಿದೆ. ಅವುಗಳ ನಡುವೆ ಪುಟ್ಟ ಮೊಸಳೆಯ ಆಕಾರದ, ಬೂದುಗಪ್ಪು ಮೈಮೇಲೆ ಕಿತ್ತಳೆ ಚುಕ್ಕೆಗಳಿರುವ ಹುಳುಗಳು ಓಡಾಡುತ್ತಿವೆ. ನೋಡಿದರೆ ಹೇನಿಗಿಂತ ಇವೇ ಭಯ ಹುಟ್ಟಿಸುತ್ತವೆ. ಮೊದಲು ಯಾವುದನ್ನು ಕೊಲ್ಲಬೇಕು?

ಉತ್ತರ: ಎರಡನೆಯದನ್ನು ದಯವಿಟ್ಟು ಮುಟ್ಟಬೇಡಿ, ಅದು ಗುಲಗಂಜಿ ಹುಳುವಿನ ಮರಿ. ದುಂಡಗೆ, ಕೆಂಪಗೆ, ಕಪ್ಪು ಚುಕ್ಕೆಯಿಟ್ಟ ತಾಯಿಯನ್ನು ಎಲ್ಲರೂ ಗುರುತಿಸುತ್ತಾರೆ, ಮರಿಯನ್ನು ಗುರುತಿಸುವವರು ಕಡಿಮೆ. ಹಿಂದೊಮ್ಮೆ ನಾನೂ ಒಂದು ಗಿಡದ ಇಂತಹ ಮರಿಗಳನ್ನೆಲ್ಲ ಪೀಡೆಯೆಂದು ತಿಳಿದು ಬೆರಳಲ್ಲಿ ಉಜ್ಜಿ ಹಾಕಿದ್ದೆ. ಏನು ಮಾಡಿದೆ ಎಂಬುದು ಪುಸ್ತಕದ ಚಿತ್ರ ನೋಡಿದ ಮೇಲೆ ತಿಳಿಯಿತು, ಆ ಸಂಕಟ ಇಂದಿಗೂ ನೆನಪಿದೆ. ಆದ್ದರಿಂದಲೇ ಈ ಉತ್ತರವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಬೆಳಗಿನ ಹೊತ್ತು ಒಂದು ಭೂತಗನ್ನಡಿ ಹಿಡಿದು ಆ ಚಿಗುರಿನ ಮುಂದೆ ಹತ್ತು ನಿಮಿಷ ಕುಳಿತುಕೊಳ್ಳಿ. ಮರಿ ಕೊಂಬೆಯ ಉದ್ದಕ್ಕೂ ತಲೆಯನ್ನು ಅತ್ತಿತ್ತ ಆಡಿಸುತ್ತ ಬರುತ್ತದೆ; ಕಣ್ಣಿಗಿಂತ ಹೆಚ್ಚಾಗಿ ಸ್ಪರ್ಶವನ್ನೇ ನಂಬಿ ಹುಡುಕುವುದರಿಂದ ಕೂದಲೆಳೆಯಷ್ಟು ದೂರದಲ್ಲಿರುವ ಹೇನನ್ನೂ ಕೆಲವೊಮ್ಮೆ ದಾಟಿ ಹೋಗುತ್ತದೆ. ತಾಗಿದ ಕೂಡಲೇ ದವಡೆಯಲ್ಲಿ ಕಚ್ಚಿ ರಸ ಹೀರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹಸಿರು ಹೇನು ಬರಿದಾದ ಬಿಳಿ ಸಿಪ್ಪೆಯಾಗುತ್ತದೆ. ಕೋಶವಾಗುವ ಮುನ್ನ ಒಂದು ಮರಿ ಕೆಲವು ನೂರು ಹೇನುಗಳನ್ನು ಹೀಗೆ ಮುಗಿಸುತ್ತದೆ.

ಅದೇ ಚಿಗುರಿನಲ್ಲಿ ಬೇರೆ ಕೆಲವು ಗುರುತುಗಳೂ ಸಿಗಬಹುದು. ಊದಿಕೊಂಡು, ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಕದಲದೆ ಎಲೆಗೆ ಅಂಟಿಕೊಂಡಿರುವ ಹೇನು ಕಂಡರೆ ಅದರೊಳಗೆ ಕಣಜದ ಮರಿ ಬೆಳೆಯುತ್ತಿದೆ ಎಂದರ್ಥ. ಬೆನ್ನಿನ ಮೇಲೆ ದುಂಡನೆಯ ತೂತಿದ್ದರೆ ಕಣಜ ಆಗಲೇ ಹೊರಬಿದ್ದು ಮುಂದಿನ ಹೇನನ್ನು ಹುಡುಕಿಕೊಂಡು ಹೋಗಿದೆ. ಕೂದಲಿನಷ್ಟು ತೆಳುವಾದ ತೊಟ್ಟಿನ ತುದಿಯಲ್ಲಿ ನಿಂತ ಮೊಟ್ಟೆಗಳು ಕಂಡರೆ ಅವು ಹಸಿರು ಜಾಲರೆಕ್ಕೆಯ ಕೀಟದವು. ಅದರ ಮರಿಗಳು ಎಷ್ಟು ಹಸಿದಿರುತ್ತವೆಂದರೆ ಒಡಹುಟ್ಟಿದ ಮೊಟ್ಟೆಯನ್ನೂ ಬಿಡುವುದಿಲ್ಲ. ತೊಟ್ಟಿನ ತುದಿಯಲ್ಲಿಟ್ಟ ಮೊಟ್ಟೆ ಅಣ್ಣತಮ್ಮಂದಿರ ಬಾಯಿಗೆ ಸುಲಭವಾಗಿ ಸಿಗುವುದಿಲ್ಲ. ಕಾಲಿಲ್ಲದ, ಜಿಗಣೆಯಂತೆ ಸಾಗುವ ಹಸಿರು ಹುಳು ಕಂಡರೆ ಅದು ಹೂವಿನ ಮೇಲೆ ಗಾಳಿಯಲ್ಲಿ ನಿಂತಂತೆ ತೇಲುವ ಸರ್ಫಿಡ್ ನೊಣದ ಮರಿ. ಇವೆಲ್ಲವೂ ನಿಮ್ಮ ಗುಲಾಬಿಯ ಪರವಾಗಿ ದುಡಿಯುತ್ತಿರುವವು.

ಇಷ್ಟಾದರೂ ಹೇನು ಕಡಿಮೆಯಾಗದಿದ್ದರೆ ಇರುವೆ ಸಾಲನ್ನು ನೋಡಿ. ಹೇನು ಹೊರಹಾಕುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ, ಗುಲಗಂಜಿ ಮರಿಗಳನ್ನು ಓಡಿಸುತ್ತವೆ, ಕಣಜಗಳು ಇಳಿಯಲು ಬಿಡುವುದಿಲ್ಲ. ಕಾಂಡದ ಬುಡಕ್ಕೆ ಒಂದು ಪಟ್ಟಿ ಸುತ್ತಿ ಅದರ ಮೇಲೆ ಅಂಟು ಸವರಿ ಇರುವೆಯ ದಾರಿ ಮುಚ್ಚಿದರೆ ಅನೇಕ ಸಲ ಉಳಿದ ಕೆಲಸವನ್ನು ಮಿತ್ರಕೀಟಗಳೇ ಮಾಡುತ್ತವೆ. ಹಾಗೆಂದು ಇರುವೆಯನ್ನು ಎಲ್ಲೆಡೆಯೂ ಶತ್ರುವೆಂದು ಭಾವಿಸಬೇಡಿ. ಚೀನಾದಲ್ಲಿ ಸುಮಾರು 1,700 ವರ್ಷಗಳ ಹಿಂದೆಯೇ ಕಿತ್ತಳೆ ಜಾತಿಯ ಮರಗಳಿಗೆ ಹುಳು ಬೀಳದಂತೆ ಚಗಳಿ ಇರುವೆಯ ಗೂಡುಗಳನ್ನು ತಂದು ಕಟ್ಟುತ್ತಿದ್ದರೆಂಬುದಕ್ಕೆ ಲಿಖಿತ ದಾಖಲೆಯಿದೆ. ಇರುವೆಗಳು ಒಂದು ಮರದಿಂದ ಇನ್ನೊಂದಕ್ಕೆ ದಾಟಲೆಂದು ಅಲ್ಲಿನ ಬೆಳೆಗಾರರು ಬಿದಿರಿನ ಸೇತುವೆಯನ್ನೂ ಕಟ್ಟಿಕೊಡುತ್ತಿದ್ದರು. ಮಿತ್ರಜೀವಿಯಿಂದ ಪೀಡೆಯನ್ನು ತಡೆದ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದೂ ಒಂದು.

ಪ್ರಶ್ನೆ: ಬಿಳಿ ನೊಣ ಹಿಡಿದ ಟೊಮೆಟೊ ಎಲೆಗಳ ಹಿಂಭಾಗದಲ್ಲಿ ಅದರ ಮರಿಗಳು ಕೆಲವು ಬಿಳಿಯಾಗಿಯೂ ಕೆಲವು ಪೂರ್ತಿ ಕಪ್ಪಾಗಿಯೂ ಇವೆ. ಇದು ಹೊಸ ರೋಗವೇ?

ಉತ್ತರ: ರೋಗ ಬಂದಿರುವುದು ಬಿಳಿ ನೊಣಕ್ಕೆ, ಅದೂ ಹೆಚ್ಚಿನಂಶ ಕಣಜದಿಂದ. 1926ರಲ್ಲಿ ಇಂಗ್ಲೆಂಡಿನ ಒಂದು ಗಾಜಿನಮನೆಯಲ್ಲಿ ಟೊಮೆಟೊ ಬೆಳೆಯುತ್ತಿದ್ದವರು ಇಂತಹುದೇ ಕಪ್ಪು ಮರಿಗಳನ್ನು ಕಂಡು ತಜ್ಞರ ಗಮನಕ್ಕೆ ತಂದಾಗ, ಅವುಗಳೊಳಗೆ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜ ಬೆಳೆಯುತ್ತಿರುವುದು ತಿಳಿದುಬಂತು. ಮುಂದೆ ಅದನ್ನು ಸಾಕಿ ಬೇರೆ ದೇಶಗಳಿಗೂ ಕಳುಹಿಸಿದರು. ರಾಸಾಯನಿಕಗಳ ಭರಾಟೆಯಲ್ಲಿ ಕೆಲವು ದಶಕ ಮೂಲೆಗೆ ಬಿದ್ದಿದ್ದ ಅದು, ಬಿಳಿ ನೊಣ ಆ ರಾಸಾಯನಿಕಗಳಿಗೆ ಬಗ್ಗದಂತಾದ ಮೇಲೆ ಗಾಜಿನಮನೆಗಳಿಗೆ ಮರಳಿತು. ಕಪ್ಪು ಮರಿಗಳಿರುವ ಹಳೆಯ ಎಲೆಗಳನ್ನು ಕಿತ್ತು ಸುಡಬೇಡಿ. ಕಿತ್ತರೂ ಕಣಜ ಹೊರಬರುವವರೆಗೆ ಗಿಡದ ಬುಡದಲ್ಲೇ ಬಿಡಿ.

ಪ್ರಶ್ನೆ: ಕಾಯಿಕೊರಕದ ಹತೋಟಿಗೆಂದು ಟ್ರೈಕೊ ಕಾರ್ಡುಗಳನ್ನು (ಒಳಗೆ ಮಿತ್ರಕಣಜ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ಕಾಗದದ ಪಟ್ಟಿಗಳನ್ನು) ತಂದು ಕಟ್ಟಿದೆ. ಹುಳು ಎಂದಿನಂತೆಯೇ ಕಾಯಿಗಳನ್ನು ಕೊರೆಯಿತು. ಕಾರ್ಡು ಎಂಬುದು ಹೆಸರಿಗಷ್ಟೇ ಎಂದು ನನಗೆ ಅನಿಸಿದೆ.

ಉತ್ತರ: ನಿಮ್ಮ ನಿರಾಶೆ ಅರ್ಥವಾಗುತ್ತದೆ. ನಿಮ್ಮ ಪತ್ರದಲ್ಲಿರುವ ಎರಡು ಸಂಗತಿಗಳನ್ನು ಮತ್ತೊಮ್ಮೆ ನೋಡೋಣ. ಕಾಯಿಯಲ್ಲಿ ತೂತು ಕಂಡ ಮೇಲೆ ಕಾರ್ಡು ಕಟ್ಟಿದ್ದಾಗಿ ಬರೆದಿದ್ದೀರಿ, ಅಲ್ಲಿಗೆ ಹೊತ್ತು ಮೀರಿತ್ತು. ಟ್ರೈಕೊಗ್ರಾಮಾ ಎಂಬ ಈ ಕಣಜ ಹುಳುವನ್ನು ಮುಟ್ಟುವುದೇ ಇಲ್ಲ, ಅದು ಪತಂಗದ ಮೊಟ್ಟೆಯ ಶತ್ರು. ಉದ್ದ ಒಂದು ಮಿಲಿಮೀಟರಿಗೂ ಕಡಿಮೆ. ಪತಂಗ ಇಟ್ಟ ಮೊಟ್ಟೆಯ ಮೇಲೆ ಹತ್ತಿ, ಮೀಸೆಗಳಿಂದ ತಟ್ಟುತ್ತ ಅಳತೆ ತೆಗೆದುಕೊಂಡಂತೆ ಸುತ್ತಾಡಿ, ಆಮೇಲೆ ಹಿಂಬದಿಯ ಸೂಜಿಯಿಂದ ಸಿಪ್ಪೆ ಕೊರೆದು ತನ್ನ ಮೊಟ್ಟೆಯನ್ನು ಒಳಗಿಡುತ್ತದೆ. ನಾಲ್ಕೈದು ದಿನಗಳಲ್ಲಿ ಆ ಮೊಟ್ಟೆ ಕಪ್ಪಾಗುತ್ತದೆ, ಬೆಚ್ಚಗಿನ ವಾತಾವರಣದಲ್ಲಿ ಎಂಟು ಹತ್ತು ದಿನಗಳಿಗೆ ಅದರಿಂದ ಮರಿಹುಳುವಿನ ಬದಲು ಕಣಜ ಹೊರಬರುತ್ತದೆ. ಕಾಯಿಯೊಳಗೆ ಸೇರಿಕೊಂಡ ಹುಳುವಿಗೂ ಇದಕ್ಕೂ ಸಂಬಂಧವೇ ಇಲ್ಲ.

ಆದ್ದರಿಂದ ಕಾರ್ಡು ಕಟ್ಟುವ ದಿನವನ್ನು ನಿರ್ಧರಿಸಬೇಕಾದದ್ದು ಪತಂಗ. ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆಯಲ್ಲಿ ಗಂಡು ಪತಂಗಗಳು ಬೀಳಲು ತೊಡಗಿದಾಗ, ಇಲ್ಲವೇ ಎಲೆಯ ಮೇಲೆ ಮೊದಲ ಮೊಟ್ಟೆಗಳು ಕಂಡಾಗ ಮೊದಲ ಕಾರ್ಡು ಹೊಲದಲ್ಲಿರಬೇಕು, ಮತ್ತು ಮೊಟ್ಟೆಯಿಡುವ ಕಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಹೊಸದನ್ನು ಕಟ್ಟುತ್ತಿರಬೇಕು. ಎರಡನೆಯ ಸಂಗತಿ, ಕಾರ್ಡು ಕಟ್ಟಿದ ಮೂರನೆಯ ದಿನ ಬೇರೊಂದು ಹುಳುವಿಗೆಂದು ಔಷಧಿ ಹೊಡೆದಿದ್ದೀರಿ. ಅದರಲ್ಲಿ ಮೊದಲು ಸತ್ತದ್ದು ನೀವೇ ತಂದು ಬಿಟ್ಟ ಕಣಜ.

ಕಾರ್ಡನ್ನು ತಂದ ದಿನವೂ ಒಂದು ಪರೀಕ್ಷೆ ಮಾಡಬಹುದು. ಒಂದು ತುಂಡನ್ನು ಕತ್ತರಿಸಿ ಗಾಜಿನ ಶೀಶೆಯಲ್ಲಿ ಹಾಕಿ ಹತ್ತಿಯಿಂದ ಬಾಯಿ ಮುಚ್ಚಿಡಿ; ಹೇಳಿದ ದಿನಕ್ಕೆ ಕಣಜಗಳು ಹೊರಬಂದು ಬೆಳಕಿನ ಕಡೆಗೆ ಧೂಳಿನಂತೆ ಸೇರಿಕೊಂಡರೆ ಕಾರ್ಡು ಚೆನ್ನಾಗಿದೆ, ಕಪ್ಪು ಮೊಟ್ಟೆಗಳು ಹಾಗೆಯೇ ಉಳಿದರೆ ಅದು ದಾರಿಯಲ್ಲಿ ಬಿಸಿಲಿಗೆ ಬೆಂದಿದೆ. ಹೊಲದಲ್ಲಿ ಕಾರ್ಡನ್ನು ಎಲೆಯ ಅಡಿಭಾಗಕ್ಕೆ, ನೆರಳಿನಲ್ಲಿ, ಬೆಳಗ್ಗೆ ಅಥವಾ ಸಂಜೆ ಕಟ್ಟಬೇಕು. ಇರುವೆ ಮುತ್ತಿದ ಗಿಡ ಬೇಡ, ಏಕೆಂದರೆ ಕಾರ್ಡಿನ ಮೊಟ್ಟೆಗಳು ಇರುವೆಗೆ ಒಳ್ಳೆಯ ಆಹಾರ. ಒಂದೇ ಕಡೆ ಕಟ್ಟದೆ ಚಿಕ್ಕ ಚಿಕ್ಕ ತುಂಡುಗಳಾಗಿ ಹೊಲದ ತುಂಬ ಹಂಚಿ, ಏಕೆಂದರೆ ಇಷ್ಟು ಸಣ್ಣ ಜೀವಿ ತಾನಾಗಿ ಹೆಚ್ಚು ದೂರ ಹಾರಲಾರದು.

ಪ್ರಶ್ನೆ: ಇಂತಹ ಕಣಜಗಳು ಮನೆಯ ಮಕ್ಕಳನ್ನು ಕಚ್ಚುವುದಿಲ್ಲವೇ?

ಉತ್ತರ: ಇಲ್ಲ. ಹತೋಟಿಗೆಂದು ಬಿಡುವ ಈ ಪುಟ್ಟ ಕಣಜಗಳಲ್ಲಿ ಸೂಜಿ ಇರುವುದು ಮೊಟ್ಟೆಯಿಡಲು. ಕೈಮೇಲೆ ಕುಳಿತರೂ ನಿಮಗೆ ತಿಳಿಯುವುದಿಲ್ಲ.

ಪ್ರಶ್ನೆ: ಬಿ.ಟಿ. ಪುಡಿ ಮತ್ತು ಬವೇರಿಯಾ ಎರಡನ್ನೂ ಪ್ರಯತ್ನಿಸಿದೆ. ಮರುದಿನ ನೋಡಿದರೆ ಹುಳುಗಳು ಜೀವಂತ. ಇವುಗಳಲ್ಲಿ ನಿಜವಾಗಿ ಏನಾದರೂ ಇದೆಯೇ? ಇದ್ದರೆ ಹುಳುವನ್ನು ಕೊಲ್ಲುವುದು ಮನುಷ್ಯನನ್ನು ಬಿಡುತ್ತದೆಯೇ?

ಉತ್ತರ: ಎರಡೂ ಒಳ್ಳೆಯ ಪ್ರಶ್ನೆಗಳು, ಎರಡಕ್ಕೂ ಉತ್ತರ ಸಿಗುವುದು ಇವು ಕೊಲ್ಲುವ ಬಗೆಯಲ್ಲಿ. ಬಿ.ಟಿ. ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ದುಂಡಾಣು. ಜಪಾನಿನ ಇಷಿವಾತಾ ಇದನ್ನು 1901ರಲ್ಲಿ ಕಂಡದ್ದು ರೇಷ್ಮೆಹುಳುವಿನ ರೋಗಕ್ಕೆ ಕಾರಣವಾಗಿ. 1911ರಲ್ಲಿ ಜರ್ಮನಿಯ ಎರ್ನ್ಸ್ಟ್ ಬರ್ಲಿನರ್ ಹಿಟ್ಟಿನ ಪತಂಗದ ಹುಳುವಿನಲ್ಲಿ ಮತ್ತೆ ಕಂಡರು; ಆ ಹುಳು ತುರಿಂಜಿಯಾ ಪ್ರಾಂತ್ಯದ್ದಾದ್ದರಿಂದ ದುಂಡಾಣುವಿಗೆ ಈ ಹೆಸರು ಬಂತು. ಇದು ತನ್ನೊಳಗೆ ಪ್ರೋಟೀನಿನ ಹರಳೊಂದನ್ನು ಕಟ್ಟುತ್ತದೆ. ಎಲೆಯ ಜೊತೆ ಮರಿಹುಳು ಅದನ್ನು ತಿಂದಾಗ, ಅದರ ಕರುಳಿನ ಕ್ಷಾರೀಯ ರಸದಲ್ಲಿ ಹರಳು ಕರಗುತ್ತದೆ, ಕರಗಿದ ಪ್ರೋಟೀನು ಕರುಳಿನ ಗೋಡೆಯ ನಿರ್ದಿಷ್ಟ ತಾಣಗಳಿಗೆ ಅಂಟಿಕೊಂಡು ರಂಧ್ರ ಕೊರೆಯುತ್ತದೆ. ಹುಳು ಕೆಲವೇ ಗಂಟೆಗಳಲ್ಲಿ ತಿನ್ನುವುದನ್ನು ನಿಲ್ಲಿಸುತ್ತದೆ, ಸಾಯುವುದು ಎರಡು ಮೂರು ದಿನಗಳಿಗೆ. ನೀವು ಮರುದಿನ ಕಂಡದ್ದು ಬದುಕಿದ್ದ ಹುಳು ನಿಜ, ಆದರೆ ಅದು ತಿನ್ನುತ್ತಿತ್ತೇ ಎಂಬುದನ್ನು ನೋಡಬೇಕಿತ್ತು. ಎಲೆಯಲ್ಲಿ ಹೊಸ ತೂತುಗಳಿಲ್ಲದಿದ್ದರೆ, ಹೊಸ ಹಿಕ್ಕೆ ಬಿದ್ದಿಲ್ಲದಿದ್ದರೆ ಬಿ.ಟಿ. ತನ್ನ ಕೆಲಸ ಮಾಡಿದೆ.

ಮನುಷ್ಯನ ಜಠರದ ರಸ ಆಮ್ಲೀಯವಾದದ್ದು, ನಮ್ಮ ಕರುಳಿನಲ್ಲಿ ಆ ಪ್ರೋಟೀನು ಅಂಟಿಕೊಳ್ಳುವ ತಾಣಗಳೂ ಇಲ್ಲ. ಆದ್ದರಿಂದ ನಮ್ಮೊಳಗೆ ಅದು ಇತರ ಪ್ರೋಟೀನುಗಳಂತೆ ಜೀರ್ಣವಾಗುತ್ತದೆ. ಹಾಗೆಂದು ಪುಡಿಯನ್ನು ಮೂಗಿಗೆ, ಕಣ್ಣಿಗೆ ತಾಗುವಂತೆ ಎರಚಬೇಡಿ; ಯಾವ ಪುಡಿಯೂ ಉಸಿರಿಗೆ ಒಳ್ಳೆಯದಲ್ಲ. ಅದು ಮೊದಲು ಪತ್ತೆಯಾದದ್ದೇ ರೇಷ್ಮೆಹುಳುವಿನಲ್ಲಿ ಎಂಬುದನ್ನು ಮರೆಯದೆ, ರೇಷ್ಮೆ ಸಾಕುವವರು ಹಿಪ್ಪುನೇರಳೆಯ ಹತ್ತಿರ ಇದನ್ನು ಸುಳಿಯಗೊಡಬಾರದು.

ಒಂದು ತಳಿ ಎಲ್ಲ ಹುಳುಗಳಿಗೂ ಆಗುವುದಿಲ್ಲ. ಪತಂಗದ ಮರಿಗಳಿಗೆ ಬಳಸುವ ಬಿ.ಟಿ. ಜೀರುಂಡೆಗೆ ನಾಟುವುದಿಲ್ಲ, ಹೇನಿನಂತಹ ರಸಹೀರುವ ಕೀಟಕ್ಕೆ ಅದು ಬಾಯಿಗೇ ಹೋಗುವುದಿಲ್ಲ. ಸೊಳ್ಳೆಯ ಮರಿಗಳನ್ನು ಕೊಲ್ಲುವ ತಳಿ ಬೇರೆಯೇ, ಅದು 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕೊಳದಲ್ಲಿ ಸಿಕ್ಕಿತು. ಬಲಿತ ಹುಳುವಿಗಿಂತ ಮೊಟ್ಟೆಯೊಡೆದು ಎರಡು ಮೂರು ದಿನದ ಮರಿಗೆ ಬಿ.ಟಿ. ಬಲವಾಗಿ ಹಿಡಿಯುತ್ತದೆ. ಬಿಸಿಲಿನ ನೇರಳಾತೀತ ಕಿರಣ ಅದನ್ನು ಕೆಲವು ದಿನಗಳಲ್ಲಿ ಕೆಡಿಸುವುದರಿಂದ ಸಂಜೆಯ ಸಿಂಪಡಣೆಯೇ ಸರಿ. ಜೀವಿಯಿಂದ ಬಂದದ್ದೆಂದು ಇದನ್ನೂ ವಾರವಾರ ಸುರಿಯುತ್ತ ಹೋದರೆ ಕೀಟ ಇದಕ್ಕೂ ಒಗ್ಗಿಕೊಳ್ಳುತ್ತದೆ. ಹಾಗೆ ಒಗ್ಗಿಕೊಂಡ ವಜ್ರಬೆನ್ನಿನ ಪತಂಗವನ್ನು ಹವಾಯಿಯ ಹೊಲಗಳಿಂದ 1990ರಲ್ಲಿಯೇ ವರದಿ ಮಾಡಿದ್ದಾರೆ.

ಬವೇರಿಯಾದ ದಾರಿ ಬೇರೆ. ಇದು ಶಿಲೀಂಧ್ರ, ಇದನ್ನು ಹುಳು ತಿನ್ನಬೇಕಾಗಿಲ್ಲ. ಬೀಜಕಣ ಹುಳುವಿನ ಮೈಗೆ ತಾಗಿ, ಅಲ್ಲಿಯೇ ಮೊಳೆತು, ಚರ್ಮವನ್ನು ಕರಗಿಸಿಕೊಂಡು ಒಳಗೆ ಇಳಿಯುತ್ತದೆ. ಒಂದು ವಾರದಲ್ಲಿ ಹುಳು ಸತ್ತು ಗಟ್ಟಿಯಾಗುತ್ತದೆ, ತೇವವಿದ್ದರೆ ಮೈಮೇಲೆ ಸುಣ್ಣ ಬಳಿದಂತೆ ಬಿಳಿ ಬೂಷ್ಟು ಏಳುತ್ತದೆ. ರೇಷ್ಮೆಹುಳುವಿನ ಈ ಸುಣ್ಣದಂತಹ ರೋಗಕ್ಕೆ ಸೂಕ್ಷ್ಮಜೀವಿಯೇ ಕಾರಣವೆಂದು ಇಟಲಿಯ ಅಗಸ್ಟಿನೊ ಬಸ್ಸಿ 1835ರಲ್ಲಿ ತೋರಿಸಿಕೊಟ್ಟರು. ಪ್ರಾಣಿಯ ರೋಗವೊಂದಕ್ಕೆ ಸೂಕ್ಷ್ಮಜೀವಿ ಕಾರಣವೆಂದು ಸಿದ್ಧಪಟ್ಟ ಮೊದಲ ಉದಾಹರಣೆ ಅದೇ, ಶಿಲೀಂಧ್ರದ ಹೆಸರಿನಲ್ಲಿ ಇಂದಿಗೂ ಅವರ ಹೆಸರಿದೆ. ಬೀಜಕಣ ಮೊಳೆಯಲು ಗಾಳಿಯಲ್ಲಿ ತೇವ ಬೇಕು. ಉರಿಬಿಸಿಲಿನ ಒಣ ದಿನ ಹೊಡೆದ ಬವೇರಿಯಾ ಎಲೆಯ ಮೇಲೆಯೇ ಸಾಯುತ್ತದೆ. ಅದನ್ನು ಶಿಲೀಂಧ್ರನಾಶಕದ ಜೊತೆ ಒಂದೇ ಪಂಪಿನಲ್ಲಿ ಬೆರೆಸುವವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ಸಿಂಪಡಿಸುವ ಮುನ್ನವೇ ಅದು ಡಬ್ಬದೊಳಗೆ ಸತ್ತಿರುತ್ತದೆ. ಕೊಳ್ಳುವಾಗ ತಯಾರಾದ ದಿನಾಂಕ ನೋಡಿ, ತಂದ ಮೇಲೆ ತಂಪಾದ ಕತ್ತಲೆಯ ಜಾಗದಲ್ಲಿಡಿ. ಇದು ಜೀವವಿರುವ ವಸ್ತು, ಗೋದಾಮಿನ ತಗಡಿನ ಕೆಳಗೆ ಬೇಸಿಗೆ ಕಳೆದ ಪೊಟ್ಟಣದಲ್ಲಿ ಜೀವ ಉಳಿದಿರುತ್ತದೆಂದು ನಂಬಲಾಗದು.

ಪ್ರಶ್ನೆ: ಹೊರದೇಶದಿಂದ ಕೀಟ ತಂದು ಬಿಡುವುದು ಅಪಾಯವಲ್ಲವೇ? ಆಸ್ಟ್ರೇಲಿಯಾದಲ್ಲಿ ಕಪ್ಪೆ ಬಿಟ್ಟು ಕೆಟ್ಟರೆಂದು ಓದಿದ್ದೇನೆ. (ವಿದ್ಯಾರ್ಥಿಯೊಬ್ಬರ ಪತ್ರ)

ಉತ್ತರ: ಅಪಾಯ ಇದೆ, ನೀವು ಓದಿರುವುದೂ ನಿಜ. ಕಬ್ಬನ್ನು ಕಾಡುತ್ತಿದ್ದ ಜೀರುಂಡೆಗಳ ಹತೋಟಿಗೆಂದು 1935ರಲ್ಲಿ ಹವಾಯಿಯಿಂದ ಕ್ವೀನ್ಸ್‌ಲ್ಯಾಂಡಿಗೆ ಸುಮಾರು ನೂರು ನೆಲಗಪ್ಪೆಗಳನ್ನು ತಂದು, ಅವುಗಳ ಸಂತತಿಯನ್ನು ಹೊಲಗಳಿಗೆ ಬಿಟ್ಟರು. ಜೀರುಂಡೆಗಳು ಕಬ್ಬಿನ ತುದಿಯಲ್ಲಿ, ಅವುಗಳ ಗೊಣ್ಣೆಹುಳುಗಳು ಮಣ್ಣಿನೊಳಗೆ, ಕಪ್ಪೆ ನೆಲದ ಮೇಲೆ. ಹೀಗೆ ಒಂದಕ್ಕೊಂದು ಭೇಟಿಯಾಗುವುದೇ ಅಪರೂಪವಾಯಿತು. ಕಪ್ಪೆ ಸಿಕ್ಕಿದ್ದನ್ನೆಲ್ಲ ತಿಂದು ಹೆಚ್ಚಿತು, ಅದರ ಮೈವಿಷದಿಂದ ಅದನ್ನು ತಿಂದ ಅಲ್ಲಿನ ಕಾಡುಜೀವಿಗಳು ಸತ್ತವು. ಹವಾಯಿಯಲ್ಲಿ 1883ರಲ್ಲಿ ಕಬ್ಬಿನ ಇಲಿಗಳಿಗೆಂದು ಮುಂಗುಸಿ ಬಿಟ್ಟದ್ದೂ ಇಂತಹುದೇ ಕಥೆ: ಇಲಿ ಹೆಚ್ಚಾಗಿ ರಾತ್ರಿ ಓಡಾಡುತ್ತದೆ, ಮುಂಗುಸಿ ಹಗಲು, ಹಗಲಿನಲ್ಲಿ ಅದಕ್ಕೆ ಸಿಕ್ಕಿದ್ದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ.

ಇವೆರಡೂ ಎಲ್ಲವನ್ನೂ ತಿನ್ನುವ ಪ್ರಾಣಿಗಳು ಎಂಬುದನ್ನು ಗಮನಿಸಿ. ವೆಡಾಲಿಯಾ ಹಾಗಲ್ಲ, ಅದಕ್ಕೆ ಆ ಶಲ್ಕ ಕೀಟವೇ ಮುಖ್ಯ ಆಹಾರ. ಇಂದು ಯಾವುದೇ ಮಿತ್ರಜೀವಿಯನ್ನು ಹೊರಗಿನಿಂದ ತರುವ ಮೊದಲು, ಅದನ್ನು ಬಿಗಿಯಾದ ಪ್ರತ್ಯೇಕ ಕೊಠಡಿಯಲ್ಲಿ ಸಾಕಿ, ಗುರಿಯ ಪೀಡೆಯನ್ನು ಬಿಟ್ಟು ಅದರ ಹತ್ತಿರದ ಸಂಬಂಧಿಗಳನ್ನೂ ಉಪಯುಕ್ತ ಜೀವಿಗಳನ್ನೂ ಮುಂದಿಟ್ಟು ಅದು ಏನನ್ನು ಮುಟ್ಟುತ್ತದೆಂದು ಪರೀಕ್ಷಿಸಿದ ನಂತರವೇ ಬಿಡಬೇಕೆಂಬುದು ನಿಯಮ. ಆಫ್ರಿಕಾದ ಮರಗೆಣಸಿಗೆ 1970ರ ದಶಕದಲ್ಲಿ ದಕ್ಷಿಣ ಅಮೆರಿಕದ ಹಿಟ್ಟುತಿಗಣೆ ಬಿದ್ದು, ಕೋಟ್ಯಂತರ ಜನರ ಮುಖ್ಯ ಆಹಾರಕ್ಕೇ ಕುತ್ತು ಬಂದಿತ್ತು. ಅದರ ಶತ್ರುವಾದ ಪುಟ್ಟ ಕಣಜ ಪರಾಗ್ವೇಯಲ್ಲಿ ಸಿಕ್ಕಿತು. ಇಂಗ್ಲೆಂಡಿನಲ್ಲಿ ಪ್ರತ್ಯೇಕವಾಗಿ ಸಾಕಿ ಪರೀಕ್ಷಿಸಿದ ಮೇಲೆ 1981ರಿಂದ ನೈಜೀರಿಯಾದಲ್ಲಿ, ಮುಂದೆ ಖಂಡದ ಬಹುಭಾಗದಲ್ಲಿ ಅದನ್ನು ಬಿಟ್ಟು ತಿಗಣೆಯನ್ನು ಹತೋಟಿಗೆ ತಂದರು. ಈ ಕೆಲಸದ ಮುಂದಾಳು ಹ್ಯಾನ್ಸ್ ಹೆರೆನ್ ಅವರಿಗೆ 1995ರ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು.

ಪರೀಕ್ಷೆ ಮಾಡಿದ ಮಾತ್ರಕ್ಕೆ ನಿಶ್ಚಿಂತೆ ಎಂದೂ ಹೇಳಲಾರೆ. ಆಸ್ಟ್ರೇಲಿಯಾದಲ್ಲಿ ಸುಮಾರು 2.4 ಕೋಟಿ ಹೆಕ್ಟೇರಿಗೆ ಹಬ್ಬಿದ್ದ ಪಾಪಾಸುಕಳ್ಳಿಯನ್ನು, 1925ರಲ್ಲಿ ಅರ್ಜೆಂಟೀನಾದಿಂದ ತಂದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಮರಿಗಳು ಹತ್ತು ವರ್ಷ ತುಂಬುವುದರೊಳಗೆ ಬಹುಪಾಲು ಮುಗಿಸಿದವು. ಅಲ್ಲಿ ಕಳ್ಳಿಗಳು ಹುಟ್ಟುಸಸ್ಯಗಳಲ್ಲವಾದ್ದರಿಂದ ಹಾನಿಯಾಗಲಿಲ್ಲ. ಅದೇ ಪತಂಗ 1989ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡು, ಕಳ್ಳಿಗಳೇ ಹುಟ್ಟುಸಸ್ಯಗಳಾಗಿರುವ ಉತ್ತರ ಅಮೆರಿಕಕ್ಕೆ ಆತಂಕ ತಂದಿದೆ. ಒಮ್ಮೆ ಬಿಟ್ಟ ಜೀವಿಯನ್ನು ಮರಳಿ ಹಿಡಿದು ತರಲಾಗದು. ಹೊರಗಿನಿಂದ ತರುವ ನಿರ್ಧಾರ ವಿಜ್ಞಾನಿಗಳದೂ ಸರ್ಕಾರಗಳದೂ ಆಗಿರಬೇಕು. ಬಿಡಿ ಬೆಳೆಗಾರರು ತಮ್ಮ ಹೊಲದಲ್ಲಿ ಈಗಾಗಲೇ ಇರುವ ಮಿತ್ರರನ್ನು ಉಳಿಸಿಕೊಂಡರೆ ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಹಾಗಾದರೆ ಈ ಹಂಗಾಮಿನಿಂದಲೇ ರಾಸಾಯನಿಕಗಳನ್ನು ಪೂರ್ತಿ ನಿಲ್ಲಿಸಿಬಿಡಲೇ?

ಉತ್ತರ: ನಿಮ್ಮ ಸಂಕಲ್ಪ ದೊಡ್ಡದು, ಆದರೆ ಇಡೀ ಜಮೀನಿನಲ್ಲಿ ಒಂದೇ ದಿನ ನಿಲ್ಲಿಸಿ ಎಂದು ಸಲಹೆ ಕೊಡಲು ನನಗೆ ಧೈರ್ಯವಿಲ್ಲ. ವರ್ಷಗಟ್ಟಲೆ ಔಷಧಿ ಬಿದ್ದ ಹೊಲದಲ್ಲಿ ಮಿತ್ರಕೀಟಗಳು ಹೆಚ್ಚು ಉಳಿದಿರುವುದಿಲ್ಲ. ಅವು ಬಂದು ನೆಲೆಸುವ ಮೊದಲೇ ಬೆಳೆ ಹೋದರೆ ನೀವು ಮತ್ತೆ ಈ ದಾರಿಗೆ ಬರುವುದಿಲ್ಲ. ನಾಲ್ಕನೆಯ ಒಂದು ಭಾಗದಲ್ಲಿ ಆರಂಭಿಸಿ. ಬದುವಿನ ಮೇಲೆ ಸಣ್ಣ ಹೂ ಬಿಡುವ ಗಿಡಗಳನ್ನು ಬೆಳೆಸಿ, ಏಕೆಂದರೆ ಬಲಿತ ಕಣಜವೂ ಸರ್ಫಿಡ್ ನೊಣವೂ ಬದುಕುವುದು ಮಕರಂದದ ಮೇಲೆ. ಹೂವಿಲ್ಲದ ಹೊಲದಲ್ಲಿ ಅವು ಮೊಟ್ಟೆಯಿಡುವ ಮುನ್ನವೇ ಸಾಯುತ್ತವೆ ಇಲ್ಲವೇ ಹೊರಟುಹೋಗುತ್ತವೆ. ಎಲೆಯ ಮೇಲೆ ಒಂದಿಷ್ಟು ಹೇನು, ಒಂದಿಷ್ಟು ಹುಳು ಉಳಿಯಲು ಬಿಡಿ. ಪೀಡೆ ಪೂರ್ತಿ ಇಲ್ಲದ ಹೊಲದಲ್ಲಿ ಅದನ್ನು ತಿನ್ನುವವರಿಗೆ ಬದುಕಿಲ್ಲ. ಎಷ್ಟು ಹಾನಿಯಾದರೆ ಸಿಂಪಡಣೆಯ ಖರ್ಚಿಗಿಂತ ನಷ್ಟ ಹೆಚ್ಚು ಎಂಬ ಮಟ್ಟ ಬೆಳೆಬೆಳೆಗೂ ಬೇರೆ, ನಿಮ್ಮ ಬೆಳೆಯದನ್ನು ಕೃಷಿ ತಜ್ಞರಿಂದ ಕೇಳಿ ಬರೆದಿಟ್ಟುಕೊಳ್ಳಿ.

ಆ ಮಟ್ಟ ದಾಟಿ ರಾಸಾಯನಿಕವೇ ಬೇಕೆನಿಸಿದರೆ, ಗುರಿಯ ಹುಳುವಿಗೆ ಮಾತ್ರ ತಾಗುವಂಥದ್ದನ್ನು ಆರಿಸಿ, ಹಿಡಿದ ಗಿಡಗಳಿಗೆ ಮಾತ್ರ ಹೊಡೆಯಿರಿ, ಇಡೀ ಹೊಲವನ್ನು ತೋಯಿಸಬೇಡಿ. ಪಂಪು ಬೆನ್ನಿಗೇರಿಸುವ ಮುನ್ನ ಬೆಳಗ್ಗೆ ಇಪ್ಪತ್ತು ಗಿಡಗಳ ಎಲೆ ಮಗುಚಿ, ಪುಸ್ತಕದಲ್ಲಿ ಎರಡು ಕಾಲಮು ಹಾಕಿ: ಒಂದರಲ್ಲಿ ಪೀಡೆಯ ಸಂಖ್ಯೆ, ಇನ್ನೊಂದರಲ್ಲಿ ಜೇಡ, ಗುಲಗಂಜಿ ಹುಳು, ಅದರ ಮರಿ, ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ಹೇನು, ಕಪ್ಪಾದ ಮೊಟ್ಟೆ. ನಾಲ್ಕು ದಿನ ಬಿಟ್ಟು ಮತ್ತೆ ಎಣಿಸಿ. ಎರಡನೆಯ ಕಾಲಮಿನ ಸಂಖ್ಯೆ ಏರುತ್ತಿದ್ದರೆ ಪಂಪನ್ನು ಕೆಳಗಿಡಿ. ಆ ಲೆಕ್ಕವನ್ನು ಈ ಅಂಕಣಕ್ಕೆ ಬರೆದು ಕಳುಹಿಸಿದರೆ ನಿಮ್ಮ ಹೊಲದ ಅಂಕಿಗಳನ್ನೇ ಮುಂದಿಟ್ಟುಕೊಂಡು ಮುಂದಿನ ಉತ್ತರ ಬರೆಯುತ್ತೇನೆ.